ಅಂಬುಜಾ ಗುರುವಾರ ಕಂಡದ್ದು

ಮಾಂಸ, ಮೀನು, ಮೊಟ್ಟೆ ಯಾವುದನ್ನೂ ಬಾಯಿಗಿಟ್ಟವಳಲ್ಲ ಅಂಬುಜಾ. ಆದರೆ ಹತ್ತೊಂಬತ್ತು ವರ್ಷಗಳಿಂದ ಅವನ್ನೇ ತೂಗಿ, ಕೊಚ್ಚಿ, ಒಳಗೆ ರೋಗದ ಬ್ಯಾಕ್ಟೀರಿಯಾ ಇದೆಯೇ ಎಂದು ಹುಡುಕುವುದು ಅವಳ ಉದ್ಯೋಗವಾಗಿತ್ತು. ಚೆನ್ನೈನ ಒಂದು ಆಹಾರ ಪರೀಕ್ಷಾಲಯದಲ್ಲಿ ಅವಳು ಟೆಕ್ನಿಷಿಯನ್. ಸಂಜೆ ಪುರಸೈವಾಕ್ಕಂನ ಮನೆಗೆ ಬಂದರೆ ಅತ್ತೆ ಭೀಮಾಬಾಯಿ ಹಿಂಬಾಗಿಲಲ್ಲೇ ತಡೆದು, “ಮೊದಲು ಸ್ನಾನ ಮುಗಿಸ್ಕೊಂಡು ಬಾಮ್ಮಾ, ಆಮೇಲೆ ಅಡಿಗೆಮನೆ” ಎನ್ನುತ್ತಿದ್ದರು. ಅಂಬುಜಾ ಎದುರಾಡಿದವಳಲ್ಲ. ಆ ಕೈಗಳಲ್ಲಿ ಏನೇನಿರಬಹುದೆಂದು ಅತ್ತೆಗಿಂತ ಅವಳಿಗೇ ಚೆನ್ನಾಗಿ ಗೊತ್ತಿತ್ತು.

2003ರ ಆಗಸ್ಟಿನ ಒಂದು ಸೋಮವಾರ ಪಲ್ಲಾವರಂನ ಹುಡುಗಿಯರ ಹಾಸ್ಟೆಲೊಂದರಿಂದ ಮಾದರಿಗಳು ಬಂದವು. ಇಪ್ಪತ್ತೆಂಟು ಹುಡುಗಿಯರು ವಾಂತಿ, ಭೇದಿ, ಜ್ವರದಿಂದ ಮಲಗಿದ್ದರು. ಬಾವಿಯ ನೀರು, ಹಾಲು, ಉಳಿದಿದ್ದ ಕೋಳಿ ಸಾರು, ಒಂದು ಟ್ರೇ ಹಸಿ ಮೊಟ್ಟೆ. ವಾರ್ಡನ್‌ಗೆ ನೀರಿನ ಮೇಲೇ ಅನುಮಾನ. ನೀರನ್ನು ಕಾಯಿಸಿ ಕುಡಿಯಲು ಹೇಳಿ, ಅಡಿಗೆಯನ್ನು ಎಂದಿನಂತೆ ನಡೆಸಿದ್ದರು.

ಬ್ಯಾಕ್ಟೀರಿಯಾ ಹಿಡಿಯುವ ಕೆಲಸಕ್ಕೆ ಅವಸರ ಒಗ್ಗುವುದಿಲ್ಲ. ಮೊದಲ ದಿನ ಅದಕ್ಕೆ ಊಟ ಹಾಕಿ ಚೇತರಿಸಿಕೊಳ್ಳಲು ಬಿಡಬೇಕು. ಎರಡನೆಯ ದಿನ ಉಳಿದವು ಸತ್ತು ಅದೊಂದೇ ಬೆಳೆಯುವ ದ್ರವಕ್ಕೆ ಹಾಕಬೇಕು. ಮೂರನೆಯ ದಿನ ಅದರ ಒಂದು ಹನಿಯನ್ನು ಕೆಂಪು ಲೋಳೆ ಹಾಕಿದ ಪ್ಲೇಟಿನ ಮೇಲೆ ಗೀರಿ ಇನ್‌ಕ್ಯುಬೇಟರಿನಲ್ಲಿ ಬೆಚ್ಚಗಿಡಬೇಕು. ಗುರುವಾರ ಬೆಳಿಗ್ಗೆ ಅಂಬುಜಾ ಇನ್‌ಕ್ಯುಬೇಟರ್ ಬಾಗಿಲು ತೆರೆದಳು. ನೀರಿನ ಪ್ಲೇಟಿನಲ್ಲಿ ಏನಿಲ್ಲ. ಹಾಲಿನದರಲ್ಲಿ, ಕೋಳಿಯದರಲ್ಲಿ ಏನಿಲ್ಲ. ಮೊಟ್ಟೆಯ ಪ್ಲೇಟಿನ ತುಂಬ ನಡುವೆ ಕಪ್ಪಾದ ಚುಕ್ಕೆಗಳು. ಅಷ್ಟು ವರ್ಷ ನೋಡಿದ ಕಣ್ಣಿಗೆ ಇದು ವಾಂತಿಭೇದಿ ತರುವ ಸಾಲ್ಮೊನೆಲ್ಲಾ ಎಂದು ಹೇಳಲು ಇನ್ನೊಬ್ಬರು ಬೇಕಿರಲಿಲ್ಲ.

ಅವಳು ಪ್ಲೇಟ್ ಹಿಡಿದು ಮೇಲಧಿಕಾರಿ ರಘುರಾಮರ ಕೋಣೆಗೆ ಹೋದಳು.

“ಸಾರ್, ಹಾಸ್ಟೆಲ್‌ಗೆ ಒಂದು ಫೋನ್ ಮಾಡಿಬಿಡ್ಲಾ? ಮೊಟ್ಟೆ ಮಾತ್ರ ನಿಲ್ಲಿಸಿ ಅಂತ?”

“ಏನಂತ ಹೇಳ್ತೀರಿ? ಪ್ಲೇಟ್ ಕಪ್ಪಗಿದೆ ಅಂತಲಾ? ಬೇರೆ ಬ್ಯಾಕ್ಟೀರಿಯಾನೂ ಹೀಗೆ ಬರತ್ತೆ, ನಿಮಗೇ ಗೊತ್ತು. ಶನಿವಾರ ಕನ್‌ಫರ್ಮ್ ಆಗ್ಲಿ.”

“ಅಷ್ಟರಲ್ಲಿ ಅವರು ತಿಂತಾರೆ ಸಾರ್.”

ರಘುರಾಮರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. “ಆ ಖೋವಾ ಅಂಗಡಿಯವನ ಮುಖ ನನಗಿನ್ನೂ ಕಣ್ಮುಂದೆ ಬರತ್ತೆ, ಅಂಬುಜಾ.”

ಅದು ಐದು ವರ್ಷ ಹಿಂದಿನ ಮಾತು. ಹೀಗೆಯೇ ಕಪ್ಪು ಚುಕ್ಕೆ ಕಂಡು ರಘುರಾಮರು ಮುಂಚೆಯೇ ಬಾಯಿಬಿಟ್ಟಿದ್ದರು. ಸುದ್ದಿ ಹಬ್ಬಿ ಜನ ಅಂಗಡಿ ಒಡೆದಿದ್ದರು. ಎರಡು ದಿನದ ಮೇಲೆ ನೋಡಿದರೆ ಅದು ಬೇರೆಯೇ ಬ್ಯಾಕ್ಟೀರಿಯಾ. ಅಷ್ಟರಲ್ಲಿ ಅಂಗಡಿಯವನು ಹೆಂಡತಿ ಮಕ್ಕಳೊಂದಿಗೆ ಊರು ಬಿಟ್ಟಾಗಿತ್ತು. ಅಂಬುಜಾ ಹೋಗಿ ಮುಂದಿನ ಪರೀಕ್ಷೆಯ ಟ್ಯೂಬುಗಳನ್ನು ಜೋಡಿಸಿದಳು.

ಅದೇ ಗುರುವಾರ ರಾತ್ರಿ ಶ್ರೀಯಾ ಎಂಬ ಹುಡುಗಿ ಜೋಲಾರ್‌ಪೇಟೆಯಿಂದ ಹಾಸ್ಟೆಲಿಗೆ ಮರಳಿದಳು. ಜಾಂಡೀಸಿನಿಂದ ಎದ್ದು ತಿಂಗಳಾಗಿತ್ತಷ್ಟೆ. ಮೈಯಲ್ಲಿ ಶಕ್ತಿ ಬರಲೆಂದು ಶುಕ್ರವಾರ ಬೆಳಿಗ್ಗೆ ವಾರ್ಡನ್ ಅವಳಿಗೆ ಎರಡು ಅರೆಬೆಂದ ಮೊಟ್ಟೆ, ಹಾಫ್‌ಬಾಯಿಲ್, ಮಾಡಿಸಿ ಕೊಟ್ಟರು. ಶನಿವಾರ ಮಧ್ಯಾಹ್ನ ಪರೀಕ್ಷಾಲಯದ ವರದಿ ಹಾಸ್ಟೆಲ್ ತಲುಪಿದಾಗ ಶ್ರೀಯಾ ಆಸ್ಪತ್ರೆಯಲ್ಲಿದ್ದಳು. ಸೋಮವಾರ ತೀರಿಕೊಂಡಳು.

ಹತ್ತು ದಿನದ ನಂತರ ಅವಳ ತಂದೆ ಸುರೇಶ್ ಪರೀಕ್ಷಾಲಯಕ್ಕೆ ಬಂದರು. ರೈಲ್ವೆಯಲ್ಲಿ ಗಾರ್ಡ್ ಆಗಿದ್ದವರು, ಕೈಯಲ್ಲಿ ವರದಿಯ ನಕಲು. ಮೊದಲು ತಮಿಳಿನಲ್ಲಿ ಕೇಳುತ್ತಿದ್ದವರು, ಅಂಬುಜಾ ರಘುರಾಮರನ್ನು ಕನ್ನಡದಲ್ಲಿ ಕರೆದದ್ದು ಕಿವಿಗೆ ಬಿದ್ದು ಕನ್ನಡಕ್ಕೆ ತಿರುಗಿದರು.

“ಇದ್ರಲ್ಲಿ ಶನಿವಾರ ಅಂತ ಐತೆ. ನಿಮ್ ಕಣ್ಣಿಗೆ ಕಂಡಿದ್ ಯಾವತ್ತಮ್ಮ?”

ರಘುರಾಮರು ನಿಯಮ ವಿವರಿಸಲು ಹೊರಟರು. ಸುರೇಶ್ ಅವರತ್ತ ನೋಡಲೂ ಇಲ್ಲ.

“ಗುರುವಾರ,” ಎಂದಳು ಅಂಬುಜಾ. “ಬೆಳಿಗ್ಗೆ ಒಂಬತ್ತೂವರೆಗೆ, ಪ್ಲೇಟಿನ ಮೇಲೆ.”

ಸುರೇಶ್ ಬೆರಳು ಮಡಚುತ್ತ ಏನೋ ಲೆಕ್ಕ ಹಾಕಿದರು. “ಗುರುವಾರ ನಾಕ್ ಗಂಟೆಗೆ ನಾನೇ ರೈಲು ಹತ್ತಿಸ್ದೆ,” ಎಂದರು. ಮಡಚಿದ ಬೆರಳು ಬಿಡಿಸಿ, “ಆ ಪ್ಲೇಟ್ ತೋರಿಸ್ತೀರಾ?”

“ಇಲ್ಲ. ಪರೀಕ್ಷೆ ಮುಗಿದ ಮೇಲೆ ಎಲ್ಲಾನೂ ಹಬೆಯಲ್ಲಿ ಬೇಯಿಸಿ ಕೊಲ್ತೀವಿ.”

ಅವರು ವರದಿಯನ್ನು ಮಡಚಿ ಜೇಬಿಗಿಟ್ಟುಕೊಂಡು ಹೊರಟುಹೋದರು.

ವಿಚಾರಣೆ ನಡೆಯಿತು. ಅಂಬುಜಾ ತನ್ನ ಹೇಳಿಕೆಯಲ್ಲಿ ಬರೆದಿದ್ದ, ಗುರುವಾರವೇ ಕಂಡೆನೆಂಬ ಸಾಲನ್ನು ಹೊಡೆದುಹಾಕುವಂತೆ ರಘುರಾಮರು ಕೇಳಿಕೊಂಡರು; ದಬಾಯಿಸಲಿಲ್ಲ, ಬೇಡಿದರು. ಅಂಬುಜಾ ಆ ಸಾಲನ್ನು ಹಾಗೇ ಬಿಟ್ಟಳು. ನಿಯಮದಂತೆಯೇ ನಡೆದಿದೆ, ಯಾರದೂ ತಪ್ಪಿಲ್ಲ ಎಂದು ತೀರ್ಮಾನವಾಯಿತು. ತಿಂಗಳೊಳಗೆ ಅವಳನ್ನು ಗಾಜಿನ ಸಾಮಾನು ತೊಳೆಯುವ ವಿಭಾಗಕ್ಕೆ ಹಾಕಿದರು. ಮನೆಯಲ್ಲಿ ಗಂಡ ವಿಷ್ಣುತೀರ್ಥ, “ನೀನೊಬ್ಬಳೇ ಯಾಕೆ ಮೈಮೇಲೆ ಎಳ್ಕೊಂಡೆ?” ಎಂದು ಗೊಣಗಿದ. ಭೀಮಾಬಾಯಿ ಮಾತ್ರ ಊಟ ಬಿಟ್ಟು ಕೂತ ಸೊಸೆಯ ಎದುರು ತಟ್ಟೆಯಿಟ್ಟು, ಮೊಸರನ್ನ ಕಲಸಿ, ತಿನ್ನುವವರೆಗೂ ಕದಲದೆ ಕೂತಿದ್ದರು.

ಮರುವರ್ಷ ಒಂದು ಭಾನುವಾರ ಅಂಬುಜಾ ಯಾರಿಗೂ ಹೇಳದೆ ಜೋಲಾರ್‌ಪೇಟೆಗೆ ಹೋದಳು. ಏನು ಹೇಳಬೇಕೆಂದು ದಾರಿಯುದ್ದಕ್ಕೂ ಹೊಂದಿಸಿಕೊಂಡಿದ್ದಳು. ರೈಲ್ವೆ ಕ್ವಾರ್ಟರ್ಸಿನ ಬಾಗಿಲು ತೆರೆದವಳು ಶ್ರೀಯಾಳ ತಾಯಿ ಉಷಾ. ಹೆಸರು ಕೇಳಿದ ಕೂಡಲೇ ಯಾರೆಂದು ಆಕೆಗೆ ತಿಳಿಯಿತು.

“ನಿಜ ಹೇಳಿದ್ರಂತೆ ನೀವು. ನಮ್ಮವ್ರು ಹೇಳಿದ್ರು,” ಎಂದಳು ಉಷಾ. ಬಾಗಿಲ ಚೌಕಟ್ಟನ್ನು ಗಟ್ಟಿಯಾಗಿ ಹಿಡಿದಿದ್ದಳು. “ನಿಮ್ಮೇಲೆ ಕೋಪ ಇಲ್ಲಮ್ಮ. ಆದ್ರೆ ಒಳಗ್ ಬನ್ನಿ ಅನ್ನಕ್ಕೆ ನನ್ ಕೈಲಾಗಲ್ಲ.”

ಅಂಬುಜಾ ತಲೆಯಾಡಿಸಿ, ಬಂದ ದಾರಿಯಲ್ಲೇ ಸ್ಟೇಷನ್ನಿಗೆ ನಡೆದಳು. ಚೆನ್ನೈ ಗಾಡಿಗೆ ಇನ್ನೂ ಎರಡು ಗಂಟೆ ಇತ್ತು. ನೆರಳಲ್ಲಿ ಜಾಗವಿದ್ದರೂ ಬಿಸಿಲು ಬೀಳುತ್ತಿದ್ದ ಬೆಂಚಿನ ಮೇಲೆ ಕೂತಳು.