ಭಯ ಇದೆ, ಬಂದಿದ್ದೀನಿ

ಶುಕ್ರವಾರ ಸಂಜೆ ಮದ್ರಾಸಿನ ಪಲ್ಲಾವರಂನ ನಮ್ಮ ಮನೆಯಲ್ಲಿ ಕನ್ನಡ ಪ್ರಾರ್ಥನೆಗೆ ಹತ್ತು ಜನ ಸೇರುತ್ತಿದ್ದೆವು: ಸಭೆಯ ಪಾದ್ರಿ ಅಯ್ಯನವರು, ರೈಲ್ವೆಯ ಎರಡು ಸಂಸಾರ, ನಮ್ಮಮ್ಮ, ನಾನು, ಮತ್ತೆ ಸಂಡೇ ಸ್ಕೂಲಿನ ಟೀಚರಮ್ಮ. ಅವರ ಯಜಮಾನರು ತಮಿಳಿನವರು. ಹೆಂಡತಿಯನ್ನು ಸ್ಕೂಟರಿನಲ್ಲಿ ಕರೆತಂದು, ಹೆಲ್ಮೆಟ್ಟನ್ನು ತೊಡೆಯ ಮೇಲಿಟ್ಟುಕೊಂಡು ಹೊಸ್ತಿಲ ಹತ್ತಿರವೇ ಕೂರುತ್ತಿದ್ದರು. ಒಂದು ದಿನವೂ ತುಟಿ ಬಿಚ್ಚಿದವರಲ್ಲ.

ಒಳಗೆ ಸುತ್ತ ಕೂತವರಲ್ಲಿ ಪ್ರಾರ್ಥನೆ ಒಬ್ಬೊಬ್ಬರಿಂದಲೂ ಸುತ್ತಿ ಬರಬೇಕು, ಯಾರನ್ನೂ ದಾಟುವಂತಿಲ್ಲ. ಗಂಟಲಲ್ಲಿ ಕ್ಯಾನ್ಸರ್ ಅಂತ ಗೊತ್ತಾದ ಮೇಲೆ ಟೀಚರಮ್ಮ ತಮ್ಮ ಸರದಿ ಬಂದಾಗಲೆಲ್ಲ ಸೆರಗನ್ನು ಬೆರಳಿಗೆ ಸುತ್ತಿಕೊಳ್ಳುತ್ತ, "ಕರ್ತನೇ, ಭಯ ಇದೆ. ಬಂದಿದ್ದೀನಿ" ಅನ್ನುತ್ತಿದ್ದರು. ಅಷ್ಟೇ.

ಆಪರೇಷನ್ನಿನ ಹಿಂದಿನ ವಾರ ಅಯ್ಯನವರು ಮೆಲ್ಲಗೆ ಅಂದರು: "ವಿಶ್ವಾಸಿಗಳು ಭಯ ಅನ್ನಬಾರದಮ್ಮ. ವಾಸಿಯಾಯ್ತು ಅಂತ ಸ್ತೋತ್ರ ಹೇಳಿ."

"ಧ್ವನಿಪೆಟ್ಟಿಗೆನೇ ತೆಗೀತಾರೆ ಅಯ್ಯನವರೇ. ಇನ್ಮೇಲೆ ಮಕ್ಕಳಿಗೆ ಬೈಬಲ್ ವಚನ ಹೇಳ್ಕೊಡೋಕಾಗಲ್ಲ. ಡಾಕ್ಟರ ಹತ್ರ ನೋವು ಎಲ್ಲಿ ಅಂತ ತೋರಿಸ್ತೀನಿ, ದೇವರ ಹತ್ರ ಮಾತ್ರ ಚೆನ್ನಾಗಿದ್ದೀನಿ ಅಂತ ನಾಟಕ ಆಡ್ಲಾ?" ಅಂದು ನಕ್ಕರು. "ಇರೋ ದನಿಯೇ ಒಂದು ವಾರದ್ದು. ಅದರಲ್ಲೂ ಸುಳ್ಳು ಹೇಳಿಸ್ಬೇಡಿ."

ನಮ್ಮಮ್ಮ ಕಾಫಿ ತರುವ ನೆವದಲ್ಲಿ ಒಳಗೆ ಎದ್ದುಹೋದಳು.

ಎರಡು ತಿಂಗಳ ಮೇಲೆ ಟೀಚರಮ್ಮ ಕುತ್ತಿಗೆಗೆ ಬಿಳಿ ಬಟ್ಟೆ ಕಟ್ಟಿಕೊಂಡು ಮತ್ತೆ ಬಂದರು. ಪ್ರಾರ್ಥನೆ ಸುತ್ತಿ ಅವರ ಹತ್ತಿರ ಬಂದು ನಿಂತಿತು. ದಾಟುವುದೋ ಕಾಯುವುದೋ ಯಾರಿಗೂ ತಿಳಿಯಲಿಲ್ಲ. ಅವರು ಸೆರಗನ್ನು ಬೆರಳಿಗೆ ಸುತ್ತುತ್ತಲೇ ಇದ್ದರು. ಆಗ ಹೊಸ್ತಿಲ ಹತ್ತಿರದಿಂದ ಯಜಮಾನರು ತಮಿಳು ಬೆರೆತ ತಮ್ಮ ಅರೆಬರೆ ಕನ್ನಡದಲ್ಲಿ, "ಆಂಡವರೇ, ಇವಳಿಗೆ ಭಯ ಇದೆ. ನನಗೂ ಇದೆ. ಬಂದಿದ್ದೀವಿ" ಅಂದರು.