ಎರಡನೆಯ ಸ್ಲಾಟಿನ ಹಸಿರು ಕಲೆ

ಸುಜಾತಾ, ನೀನು ಜೋಡಿಸಿಕೊಟ್ಟ ಕಂಪ್ಯೂಟರನ್ನು ಕೆಡಿಸಿದವಳು ನಾನು. ಆ ತಪ್ಪನ್ನು ನಿನ್ನ ಕೈಗೆ ಅಂಟಿಸಿ ಸುಮ್ಮನೆ ಕುಳಿತವಳೂ ನಾನೇ. ಇಷ್ಟು ಬರೆಯಲು ನನಗೆ ಐದು ವರ್ಷ ಬೇಕಾಯಿತು.

ಬೈಲಹೊಂಗಲದ ಸಾಲೆಯಲ್ಲಿ ನಾನು ನಿನಗೆ ಇಂಗ್ಲಿಷ್ ಕಲಿಸಿದವಳು. ಕ್ಲಾಸಿನ ಟೇಪ್‌ರೆಕಾರ್ಡರ್ ನಿಂತಾಗಲೆಲ್ಲ ಹೇರ್‌ಪಿನ್ನಿನಿಂದ ಬಿಚ್ಚಿ ಸರಿಮಾಡುತ್ತಿದ್ದವಳು ನೀನು. ರಿಟೈರ್ ಆದ ಮೇಲೆ ನಾನು ಮಕ್ಕಳಿಗೆ ವಿಡಿಯೋದಲ್ಲಿ ಪಾಠ ಹೇಳಲು ಶುರುಮಾಡಿದೆ. ಫೋನಿನ ಅಕ್ಷರ ಕಣ್ಣಿಗೆ ಹತ್ತುತ್ತಿರಲಿಲ್ಲ. ಅಷ್ಟೊತ್ತಿಗೆ ಬಸ್‌ಸ್ಟ್ಯಾಂಡಿನ ಹತ್ತಿರ ನಿನ್ನದೇ ಪುಟ್ಟ ಕಂಪ್ಯೂಟರ್ ಅಂಗಡಿ ಇತ್ತು.

“ಕಂಪನೀದು ಯಾಕ್ರಿ ಟೀಚರ್? ನಿಮ್ಮ ಕಣ್ಣಿಗೆ ತಕ್ಕಂಗ ನಾನ ಜೋಡಿಸಿ ಕೊಡ್ತೇನಿ. ನಿಮ್ಮ ಮನೀದು ಚಲೋ ನಡೀತಂದ್ರ, ಸಾಲ್ಯಾಗ ಕೇಳಾಕ ನನಗೂ ಒಂದು ಬಾಯಿ ಬರತೈತಿ” ಎಂದೆ ನೀನು.

ಸಾಲೆಯಲ್ಲಿ ಆಗ ಕಂಪ್ಯೂಟರ್ ಲ್ಯಾಬ್ ಆಗುವುದಿತ್ತು. ಯಾರಿಗೆ ಕೆಲಸ ಕೊಡುವುದೆಂದು ನೋಡುವ ಕಮಿಟಿಯಲ್ಲಿ ನಾನೂ ಇದ್ದೆ. ನೀನು ಶಿಫಾರಸು ಬೇಡಲಿಲ್ಲ — ನಿನ್ನ ಕೆಲಸವೇ ಮಾತಾಡಲಿ ಎಂಬುದಷ್ಟೇ ನಿನ್ನ ಆಸೆ.

ನಮ್ಮ ಪಡಸಾಲೆಯಲ್ಲಿ ಚಾದರ ಹಾಸಿ ನೀನು ಒಂದೊಂದೇ ಭಾಗ ಕೂಡಿಸಿದ್ದು ಇನ್ನೂ ಕಣ್ಣ ಮುಂದಿದೆ. ಈಗ ನೀನು ಟೀಚರ್, ನಾನು ಸ್ಟೂಡೆಂಟ್. “ಇದು ಮದರ್‌ಬೋರ್ಡ್ ರೀ, ಎಲ್ಲಾರನ್ನೂ ಹೊತ್ತಾಕಿ. ಇವೆರಡು ರ‍್ಯಾಮ್.” ಅವನ್ನು ಎರಡು ಸ್ಲಾಟುಗಳಲ್ಲಿಟ್ಟು ಟಕ್ ಎಂದು ಒತ್ತಿದೆ. ಸ್ಕ್ರೀನು ಬೆಳಗಿದಾಗ ನೀನು ಒಂದು ಕ್ಷಣ ಕಣ್ಣು ಮುಚ್ಚಿಕೊಂಡೆ. ಚಹಾ ಕುಡಿದು, ಎಲ್ಲ ಆಫ್ ಮಾಡಿ ಹೋದೆ.

ಆಮೇಲೆ — ಆಮೇಲಿನದನ್ನೇ ಬರೆಯಬೇಕು.

ಗಾರೆಯವರೋ ಸುಣ್ಣ ಬಳಿಯುವವರೋ ನಿಮ್ಮ ಓಣಿಯಿಂದ ಬಂದು ಒಳಗೆ ಕೆಲಸ ಮಾಡಿಹೋದರೆ ನಮ್ಮ ಅತ್ತೆ ಮಾವಿನೆಲೆಯಿಂದ ಮನೆಯೆಲ್ಲ ಗೋಮೂತ್ರ ಚಿಮುಕಿಸುತ್ತಿದ್ದರು. ಅತ್ತೆ ತೀರಿಹೋದರು, ಗೋಮೂತ್ರದ ತಂಬಿಗೆ ಗೂಡಿನಲ್ಲೇ ಉಳಿಯಿತು. ನಿಮ್ಮ ಮನೆತನ ಬೌದ್ಧರಾಗಿ ಎರಡು ತಲೆಮಾರಾಗಿತ್ತು. ನಮ್ಮ ಮನೆಯ ಮಾತಿನಲ್ಲಿ ಮಾತ್ರ ನೀವಿನ್ನೂ ‘ಆ ಓಣಿಯವರು’. ನಾನು ಬೆಳಗಾವಿಯ ಕಾನ್ವೆಂಟಿನಲ್ಲಿ ಕಲಿತವಳು. ಈಕ್ವಾಲಿಟಿಯ ಮೇಲೆ ಭಾಷಣ ಮಾಡಿ ಗೆದ್ದ ಕಪ್ ಇವತ್ತಿಗೂ ಶೋಕೇಸಿನಲ್ಲಿದೆ. ನಿನ್ನ ಕಂಪ್ಯೂಟರನ್ನು ಇಡಿಸಿದ್ದು ಅದರ ಕೆಳಗೇ.

ನೀನು ಗೇಟು ದಾಟುವವರೆಗೆ ಕಾದು ತಂಬಿಗೆ ತಂದೆ. ಯಾರೂ ಹೇಳಿರಲಿಲ್ಲ. ನಂಬಿಕೆಯೇ ಎಂದರೆ ಅದೂ ಅಲ್ಲ, ಕೈಗೆ ಬಂದ ರೂಢಿ — ನೋಡು, ಮತ್ತೆ ರೂಢಿಯ ಹಿಂದೆ ಅಡಗುತ್ತಿದ್ದೇನೆ. ನಾನೇ ಚಿಮುಕಿಸಿದೆ. ನೆಲಕ್ಕೆ, ನೀನು ಕುಳಿತ ಕುರ್ಚಿಗೆ, ಆ ಕರಿ ಡಬ್ಬಿಯ ಮೇಲೆ. ಅದರ ನೆತ್ತಿಯಲ್ಲಿ ಗಾಳಿಯಾಡಲು ಜಾಲರಿ ಇತ್ತು. ನಾಲ್ಕಾರು ಹನಿ ಒಳಗಿಳಿದವು. ಒರೆಸಲೂ ಇಲ್ಲ.

ಮೂರನೆಯ ದಿನ ಪಾಠದ ನಡುವೆ ಸ್ಕ್ರೀನು ಹಾಗೇ ನಿಂತುಬಿಟ್ಟಿತು. ಮರುದಿನ ನೀಲಿಯಾಯಿತು, ಆಮೇಲೆ ತಾನಾಗಿ ಆರುವುದು, ತಾನಾಗಿ ಹೊತ್ತುವುದು.

“ನಿನ್ನ ಕಂಪ್ಯೂಟರ್ ಮತ್ತ ಸತ್ತೈತಿ ನೋಡವಾ” ಎಂದು ಫೋನಿನಲ್ಲಿ ಸಿಡಿಮಿಡಿಗೊಂಡೆ.

“ಸತ್ತಿಲ್ರೀ ಟೀಚರ್, ಮುನಿಸಿಕೊಂಡೈತಿ. ಹೊಸಾ ಸೊಸಿ ಅಲ್ರೀ, ಹೊಂದಾಕ ನಾಕು ದಿನಾ ಬೇಕು” ಎಂದು ನೀನು ನಕ್ಕೆ.

ಎಷ್ಟು ಸಲ ಬಂದೆ ನೀನು? ಮೊದಲು ಕರೆಂಟಿನ ಮೇಲೆ ಸಂಶಯಪಟ್ಟು ಯುಪಿಎಸ್ ತಂದಿಟ್ಟೆ. ವಿಂಡೋಸ್ ಅಳಿಸಿ ಮತ್ತೆ ಹಾಕಿದೆ. ಫ್ಯಾನು ಬಿಚ್ಚಿ ಬಿಸಿ ತಗ್ಗಿಸುವ ಪೇಸ್ಟು ಹಚ್ಚಿದೆ, ಪವರ್ ಸಪ್ಲೈ ಬದಲಿಸಿದೆ. ಒಂದು ದಿನವಂತೂ ಮುಂಜಾನೆಯಿಂದ ಊಟದ ಹೊತ್ತಿನವರೆಗೆ ಮೆಮರಿ ಟೆಸ್ಟ್ ಹಚ್ಚಿ, ಹಾಲು ಉಕ್ಕುವುದನ್ನು ಕಾಯುವವಳಂತೆ ಕುಳಿತೆ. ಮೊದಲನೆಯ ಸ್ಲಾಟಿನಲ್ಲಿ ಯಾವ ರ‍್ಯಾಮ್ ಹಾಕಿದರೂ ಸರಿ. ಎರಡನೆಯದರಲ್ಲಿ ಯಾವುದನ್ನು ಹಾಕಿದರೂ ತಪ್ಪು ತೋರಿಸುವ ಕೆಂಪು ಸಾಲು. ಟಾರ್ಚ್ ಹಾಕಿ ನೋಡಿದೆ. ಸ್ಲಾಟಿನ ಅಂಚಿನಲ್ಲಿ ಹಿತ್ತಾಳೆಗೆ ಕಿಲುಬು ಹಿಡಿದಂತೆ ಹಸಿರು ಕಲೆ.

“ನೀರೇನರ ಬಿದ್ದಿತ್ತೇನ್ರಿ ಟೀಚರ್?”

ಅಲ್ಲಿಯವರೆಗೆ ನನಗೆ ಹೊಳೆದೇ ಇರಲಿಲ್ಲ. ಆ ಕ್ಷಣ ಹೊಳೆಯಿತು. ನೀನು ತಲೆಯೆತ್ತಿದೆ, ನಿನ್ನ ಕಣ್ಣು ಗೂಡಿನ ತಂಬಿಗೆಯ ಮೇಲೆ, ಅದರ ಬಾಯಲ್ಲಿದ್ದ ಮಾವಿನೆಲೆಯ ಮೇಲೆ ಹಾದು ಬಂತು. ಹಾದು ಬಂತೋ, ಅಲ್ಲೇ ನಿಂತಿತ್ತೋ — ಇವತ್ತಿಗೂ ತಿಳಿಯದು.

“ಇಲ್ಲ” ಎಂದೆ. “ಏನೂ ಬಿದ್ದಿಲ್ಲ.”

“ಹಂಗಾರ ನನ್ನ ಕೈಯಾಗ ಏನರ ತಪ್ಪಾಗಿರಬೇಕ್ರಿ.”

ನಿನ್ನ ಕೈಯಾಗ. ಚಹಾಕ್ಕಿಡುತ್ತೇನೆಂದು ಅಡುಗೆಮನೆಗೆ ಹೋದೆ.

ಅದೇ ವಾರ ಕಮಿಟಿ ಕೂಡಿತು. ಹೆಡ್ ಮೇಡಂ ನನ್ನತ್ತ ತಿರುಗಿದರು: “ನಿಮ್ಮ ಮನ್ಯಾಗ ಆಕೀನ ಜೋಡಿಸ್ಯಾಳಲ್ರೀ, ಹೆಂಗ ನಡದೈತಿ? ನೀವು ಹ್ಞೂಂ ಅಂದ್ರ ಆಕೀಗೇ ಕೊಟ್ಟುಬಿಡೂಣು.”

“ನಾಟ್ ವೆರಿ ಸ್ಟೇಬಲ್” ಎಂದೆ.

ಮೂರೇ ಶಬ್ದ. ಸುಳ್ಳೂ ಅಲ್ಲ — ಅದೇ ಅದರ ನಂಜು. ಲ್ಯಾಬಿನ ಕೆಲಸ ಧಾರವಾಡದವರಿಗೆ ಹೋಯಿತು.

ಎರಡು ದಿನದ ಮೇಲೆ ಮತ್ತೆ ಬಂದೆ ನೀನು. ಕಲೆ ನೋಡಿದ ಡೀಲರ್ ಗ್ಯಾರಂಟಿಯಲ್ಲಿ ಬೋರ್ಡು ಬದಲಿಸಿಕೊಡಲು ಒಪ್ಪಲಿಲ್ಲವೆಂದು, ನಿನ್ನ ಮನೆಯ ಕಂಪ್ಯೂಟರಿನ ಮದರ್‌ಬೋರ್ಡನ್ನೇ ಬಿಚ್ಚಿ ತಂದಿದ್ದೆ. ಸ್ಕ್ರೂ ತಿರುವುತ್ತ, ನನ್ನತ್ತ ನೋಡದೆ ಹೇಳಿದೆ: “ಮೀಟಿಂಗಿನಾಗ ಏನಂದ್ರಿ ಅಂತ ಗೊತ್ತಾತ್ರಿ ಟೀಚರ್. ಖರೇನ ಅಂದೀರಿ ಬಿಡ್ರಿ. ಮಾಡಿದ್ದು ನಿಂದರಬೇಕಲ್ರೀ.”

ಆಗಲೂ ಹೇಳಬಹುದಿತ್ತು. ತಂಬಿಗೆ ಅಲ್ಲೇ ಇತ್ತು, ನೀನೂ ಅಲ್ಲೇ ಇದ್ದೆ —

ಅವತ್ತು ನೀನು ಚಹಾ ಕುಡಿಯಲಿಲ್ಲ.

ಮಾತು ಊರಲ್ಲಿ ಹಬ್ಬಿತು: ಟೀಚರ್ ಮನೆಯದೇ ನಿಲ್ಲಲಿಲ್ಲವಂತೆ. ವರ್ಷ ತುಂಬುವುದರೊಳಗೆ ನೀನು ಅಂಗಡಿ ಮುಚ್ಚಿದೆ. ಈಗ ಎಂ.ಕೆ. ಹುಬ್ಬಳ್ಳಿಯ ಸಕ್ಕರೆ ಕಾರ್ಖಾನೆಯಲ್ಲಿ ಕಬ್ಬಿನ ಗಾಡಿಗಳ ನಂಬರ್ ಟೈಪ್ ಮಾಡುವ ಕೆಲಸದಲ್ಲಿದ್ದೀಯಂತೆ. ಬೇರೆಯವರ ಕಂಪ್ಯೂಟರಿನ ಮುಂದೆ.

ಇದನ್ನು ನಿನ್ನ ಬೋರ್ಡು ಹೊತ್ತ ಅದೇ ಕಂಪ್ಯೂಟರಿನಲ್ಲಿ ಬರೆಯುತ್ತಿದ್ದೇನೆ. ಐದು ವರ್ಷದಲ್ಲಿ ಇದು ಒಂದು ಸಲವೂ ನಿಂತಿಲ್ಲ. ಪಾಠ ಮುಗಿಸಿ ಆರಿಸುವಾಗ ಕಪ್ಪು ಸ್ಕ್ರೀನಿನಲ್ಲಿ ನನ್ನ ಮುಖ ಕಾಣುತ್ತದೆ, ನೋಡಲಾಗುವುದಿಲ್ಲ.

ಸೋಮವಾರ ಸಾಲೆಗೆ ಹೋಗುತ್ತೇನೆ. ಅದೇ ಹೆಡ್ ಮೇಡಂ, ಅದೇ ಕಮಿಟಿಯ ಮುಂದೆ ಇದನ್ನು ಓದುತ್ತೇನೆ. ನಿನಗೆ ಆ ಲ್ಯಾಬು ಮರಳಿ ಬರುವುದಿಲ್ಲ, ಗೊತ್ತು. ಅಲ್ಲಿಂದ ನೀನೀಗ ಇರುವ ಊರಿನ ಬಸ್ಸು ಹತ್ತುತ್ತೇನೆ. ನೀನು ಒಳಗೆ ಕರೆಯಬೇಕೆಂದಿಲ್ಲ. ಹೊಸ್ತಿಲ ಆಚೆ ನಿಂತೇ ಹೇಳಿ ಬರುತ್ತೇನೆ. ‘ಸಾರಿ’ ಅನ್ನುವುದು ನನಗೆ ಬಹಳ ಸಲೀಸು, ಕಾನ್ವೆಂಟಿನಲ್ಲಿ ದಿನಕ್ಕೆ ಹತ್ತು ಸಲ ಅಂದವಳು. ಅದನ್ನು ಅನ್ನುವುದಿಲ್ಲ. ನಮ್ಮ ಮಾತಿನಲ್ಲೇ ಹೇಳುತ್ತೇನೆ — ನೀರು ಬಿದ್ದಿತ್ತೇನೆಂದು ನೀನು ಕೇಳಿದ ದಿನವೇ ಹೇಳಬೇಕಾಗಿದ್ದನ್ನು:

ನಿನ್ನ ಕೈಯಾಗ ಏನೂ ತಪ್ಪಿರಲಿಲ್ಲವ್ವಾ. ಗೋಮೂತ್ರ ಹಾಕಿದಾಕಿ ನಾನು.