ಸೀಟಿನ ಮೇಲೆ ಅಜ್ಜಿಯ ಟವೆಲ್

ಸೆವ್ರಿನಾ ಬಾಯಿ ಜಗಲಿಯ ಹೊಲಿಗೆ ಮೆಷಿನ್ನಿನ ಮುಂದೆ ಕೂತು ಬ್ಲೌಸಿನ ತೋಳು ಕೂರಿಸುತ್ತಿದ್ದಾಗ ವಿಲ್ಮಾ ಅಂಗಳಕ್ಕೆ ಓಡಿ ಬಂದಳು. ಕಾಲಲ್ಲಿ ಚಪ್ಪಲಿಯಿರಲಿಲ್ಲ.

"ಟೀಚರ್, ನಮ್ಮ ಜೊಸ್ಸು ಇಲ್ಲಿಗೆ ಬಂದ್ಲಾ?"

"ಇಲ್ವಲ್ಲ. ಇವತ್ತು ಶನಿವಾರ. ಕ್ಲಾಸು ನಾಳೆ ಅಲ್ವಾ?"

"ಶಾಲೆಯಿಂದ ಬಂದು ಊಟ ಮಾಡಿದ್ಲು. ನಾನು ಪಾತ್ರೆ ತೊಳ್ದು ಬರೋದ್ರೊಳಗೆ ಮಾಯ! ಅತ್ತೆ ಹತ್ರ ಕೂತಿದ್ಲು. ಅತ್ತೆ ಗೊತ್ತಲ್ಲ, ಮಾತಾಡ್ತಾ ಮಾತಾಡ್ತಾನೇ ತೂಕಡಿಸ್ತಾರೆ." ವಿಲ್ಮಾ ಉಸಿರೆಳೆದುಕೊಂಡಳು. "ಭಾನುವಾರದಿಂದ ಆ ಮಗು ಸರಿಯಾಗಿ ಮಲಗಿಲ್ಲ ಟೀಚರ್. ಯೇಸುಸ್ವಾಮಿ ಬಂದ್ಬಿಡ್ತಾರೆ, ಕಣ್ಣು ಮುಚ್ಚಬಾರ್ದು ಅಂತಾಳೆ. ಏನು ಹೇಳಿಕೊಟ್ರಿ ನೀವು?"

ಮೆಷಿನ್ನಿನ ಚಕ್ರ ತಾನಾಗಿಯೇ ನಿಂತಿತು.

ಏನು ಹೇಳಿಕೊಟ್ಟಿದ್ದೆ ಎಂಬುದು ಸೆವ್ರಿನಾಗೆ ಚೆನ್ನಾಗಿಯೇ ನೆನಪಿತ್ತು. ರಿಪ್ಪನ್‌ಪೇಟೆಯಿಂದ ತೀರ್ಥಹಳ್ಳಿ ಕಡೆಗೆ ಬರುವ ರಸ್ತೆಯಲ್ಲಿ ಒಂದು ತಿರುವು ದಾಟಿದರೆ ಸಿಗುವ ಆ ಊರಿನಲ್ಲಿ ಒಂದು ಪುಟ್ಟ ಚರ್ಚಿದೆ. ಅದಕ್ಕೆ ಸೇರಿದ ಮನೆಗಳವರು ಮನೆಯೊಳಗೆ ಕೊಂಕಣಿ, ಪೂಜೆಯಲ್ಲಿ ಕನ್ನಡ, ಜಗಳದಲ್ಲಿ ಎರಡನ್ನೂ ಆಡುತ್ತಾರೆ. ಅಲ್ಲಿ ಭಾನುವಾರದ ಪೂಜೆ ಮುಗಿದ ಮೇಲೆ ಚಿಕ್ಕ ಮಕ್ಕಳಿಗೆ ಧರ್ಮೋಪದೇಶ ಹೇಳುವವರು ಸೆವ್ರಿನಾ ಬಾಯಿ. ಈಗ ತಂದೆ ತಾಯಿಯರಾಗಿ ಹಿಂದಿನ ಬೆಂಚಿನಲ್ಲಿ ಆಕಳಿಸುವವರಿಗೂ ಅವರೇ ಹೇಳಿಕೊಟ್ಟವರು. ಸಂಬಳವಿಲ್ಲದ ಕೆಲಸ. ಕ್ರಿಸ್ಮಸ್ಸಿಗೆ ಮಾತ್ರ ಒಂದು ಕೇಕು ಬರುತ್ತದೆ, ಅದೂ ಕೆಲವೊಮ್ಮೆ ಅವರೇ ಯಾರಿಗೋ ಕೊಟ್ಟಿದ್ದ ಕೇಕು.

ಅವರಿಗಿದ್ದದ್ದು ಒಂದೇ ಚಟ, ಉದಾಹರಣೆ. ದೇವರ ವಿಷಯ ಹೇಳಿ ಅದನ್ನು ಹಾಗೇ ಬಿಡುವುದು ಅವರ ಕೈಲಾಗುತ್ತಿರಲಿಲ್ಲ. ಬ್ಲೌಸಿಗೆ ಪೈಪಿಂಗ್ ಇಟ್ಟ ಹಾಗೆ ಕೊನೆಗೊಂದು ಉದಾಹರಣೆ ಇಟ್ಟರೇ ಸಮಾಧಾನ. ತ್ರಿಯೇಕ ದೇವರು ಹೇಗಪ್ಪಾ ಎಂದರೆ ಎಲೆ, ಅಡಿಕೆ, ಸುಣ್ಣ ಸೇರಿ ಒಂದೇ ಕೆಂಪು ಕವಳವಾದ ಹಾಗೆ ಎಂದಿದ್ದರು. ಅದನ್ನು ಪರೀಕ್ಷಿಸಲು ಹೊರಟ ಕ್ಲಾಸಿನ ಒಬ್ಬ ಪುಟ್ಟ ಭಕ್ತ ಸುಣ್ಣದ ಡಬ್ಬಿಯಿಂದ ಶುರುಮಾಡಿ ನಾಲಿಗೆ ಸುಟ್ಟುಕೊಂಡ. ಆಗ ಫಾದರ್ ಸಿಪ್ರಿಯನ್ ಸೆವ್ರಿನಾರನ್ನು ಪಕ್ಕಕ್ಕೆ ಕರೆದಿದ್ದರು. "ಬಾಯಿ, ಇನ್ನು ಉದಾಹರಣೆ ಸಾಕು. ಇನ್ನೊಂದು ಸಲ ಹೀಗಾದ್ರೆ ಕ್ಲಾಸನ್ನ ಬೇರೆಯವರಿಗೆ ಕೊಡ್ಬೇಕಾಗತ್ತೆ."

ಮಳೆಗಾಲವಿಡೀ ಸೆವ್ರಿನಾ ನಾಲಿಗೆ ಕಚ್ಚಿಕೊಂಡು ಪಾಠ ಮಾಡಿದರು. ಆಮೇಲೆ ಕ್ರಿಸ್ಮಸ್ಸಿಗೆ ಮೊದಲಿನ ಆಗಮನ ಕಾಲ ಬಂತು. ಮೊದಲ ಭಾನುವಾರ, ಮೊದಲ ನೇರಳೆ ಮೋಂಬತ್ತಿ. ಅಂದಿನ ಶುಭಸಂದೇಶದಲ್ಲಿ ಯೇಸುಸ್ವಾಮಿ, ನಾನು ಬರುವ ಗಳಿಗೆ ನಿಮಗೆ ಗೊತ್ತಿಲ್ಲ, ಎಚ್ಚರವಾಗಿರಿ ಎನ್ನುತ್ತಾರೆ. ಇಬ್ಬರು ಹೆಂಗಸರು ಜೊತೆಯಲ್ಲೇ ಹಿಟ್ಟು ಬೀಸುತ್ತಿದ್ದರೂ ಒಬ್ಬಳು ಹೋಗುತ್ತಾಳೆ, ಇನ್ನೊಬ್ಬಳು ಉಳಿಯುತ್ತಾಳೆ ಎನ್ನುತ್ತಾರೆ. ಮಕ್ಕಳು ಬಾಯಿಬಿಟ್ಟುಕೊಂಡು ನೋಡಿದವು. ಬೀಸುವ ಕಲ್ಲನ್ನು ಅವು ಕಂಡದ್ದೇ ಇಲ್ಲ. ಸೆವ್ರಿನಾ ಬಾಗಿಲ ಕಡೆ ಒಮ್ಮೆ ನೋಡಿದರು. ಫಾದರ್ ಇರಲಿಲ್ಲ.

"ನಮ್ಮ ಮೂರು ಗಂಟೆ ಬಸ್ಸಿಲ್ವಾ, ಹಾಗೆ!" ಎಂದರು.

ಮೂರು ಗಂಟೆ ಎಂಬುದು ಆ ಬಸ್ಸಿನ ಹೆಸರೇ ಹೊರತು ವೇಳೆಯಲ್ಲ. ಅದು ಯಾವಾಗ ಬರುತ್ತದೆಂದು ಡ್ರೈವರಿಗೂ ಗೊತ್ತಿಲ್ಲ, ಸ್ಟಾಪಿನಲ್ಲಿ ಎಚ್ಚರವಾಗಿ ನಿಂತವಳು ಹೋಗುತ್ತಾಳೆ, ಕಾಫಿ ಕುಡಿಯಲು ಒಳಗೆ ಹೋದವಳು ಉಳಿಯುತ್ತಾಳೆ ಎಂದು ವಿವರಿಸಿದರು. ಹಾರ್ನ್ ಹೊಡೆದು ತೋರಿಸಿದರು. ಮಕ್ಕಳಿಗೆ ಎಲ್ಲವೂ ಒಂದೇ ಏಟಿಗೆ ಅರ್ಥವಾಯಿತು. ಸೆವ್ರಿನಾಗೆ ಎಷ್ಟೋ ತಿಂಗಳ ಹಸಿವು ತೀರಿದ ಹಾಗಾಗಿತ್ತು.

ಈಗ ಜಗಲಿಯಿಂದ ಇಳಿಯುವಾಗ ಅದೇ ಹಾರ್ನು ಕಿವಿಯಲ್ಲಿ ಕೂಗತೊಡಗಿತು.

ವಿಲ್ಮಾಳ ಮನೆಯ ಬಾವಿಗೆ ಕಟ್ಟೆ ಗಿಡ್ಡ. ಅಕ್ಕಪಕ್ಕದವರು ಆಗಲೇ ಸೇರಿದ್ದರು. ಬಾವಿಗೆ ಬಿದ್ದ ಕೊಡ ಎತ್ತುವ ಪಾತಾಳಗರಡಿಯನ್ನು ಯಾರೋ ಹಗ್ಗಕ್ಕೆ ಕಟ್ಟುತ್ತಿದ್ದರು. ಅದರ ಕೊಕ್ಕೆಗಳು ಒಂದಕ್ಕೊಂದು ತಗಲಿ ಸದ್ದಾದಾಗ ವಿಲ್ಮಾ ಕಿವಿ ಮುಚ್ಚಿಕೊಂಡು ಕಟ್ಟೆಯ ಬುಡದಲ್ಲೇ ಕುಸಿದಳು. ಕೊಕ್ಕೆ ಕೆಳಗಿಳಿಯಿತು. ಎಲ್ಲರೂ ಹಗ್ಗವನ್ನೇ ನೋಡುತ್ತಿದ್ದರು. ಸೆವ್ರಿನಾಗೆ ನೋಡಲಾಗಲಿಲ್ಲ. ಕ್ಲಾಸು ಹೋದರೆ ಹೋಗಲಿ, ಬೀಗದ ಕೈ ನಾನೇ ಕೊಟ್ಟುಬಿಡುತ್ತೇನೆ, ಮಗು ಒಂದು ಸಿಗಲಿ ಎಂದು ಬೇಡಿಕೊಳ್ಳುತ್ತ ಒಳಗೆ ಬಂದರು.

ಜೊಸ್ಸುವಿನ ಅಜ್ಜಿ ಕಾರ್ಮಿಣ್ ಬಾಯಿ ಮಂಚದ ಮೇಲೆ ಊದಿದ ಕಾಲು ಚಾಚಿ ಅಳುತ್ತಿದ್ದರು. ಮಂಡಿ ನೋವಿನಿಂದ ಅವರು ಚರ್ಚಿಗೆ ಬರುವುದನ್ನು ಬಿಟ್ಟು ಬಹಳ ದಿನವಾಗಿತ್ತು.

"ನಾನು ಕಣ್ಣು ಮುಚ್ಚಿದ್ದೇ ಇಲ್ಲ ಸೆವ್ರಿನ್, ಒಂದು ಚೂರು ರೆಪ್ಪೆ ಅಂಟಿತು ಅಷ್ಟೇ" ಎನ್ನುತ್ತ ಕಣ್ಣೊರೆಸಲು ದಿಂಬಿನ ಪಕ್ಕ ತಡಕಾಡಿದರು. "ಅಯ್ಯೋ, ನನ್ನ ಟವೆಲ್ಲೂ ಇಲ್ಲ! ಇಲ್ಲೇ ಇತ್ತಲ್ಲ, ಕೆಂಪು ಗೆರೆಯದ್ದು."

ಟವೆಲ್.

ಸೆವ್ರಿನಾಗೆ ಭಾನುವಾರ ನೆನಪಾಯಿತು. ಕ್ಲಾಸು ಮುಗಿದ ಮೇಲೆ ಜೊಸ್ಸು ಅವರ ಸೆರಗು ಎಳೆದು ಕೇಳಿದ್ದಳು: "ಟೀಚರ್, ಕಾಲು ನೋವಿದ್ದು ಸ್ಟಾಪಿಗೆ ಬರಕ್ಕಾಗ್ದವರು ಏನ್ ಮಾಡ್ಬೇಕು? ನಿದ್ದೆ ಬರೋರು?" ಹಸಿವಾಗಿದ್ದ ಸೆವ್ರಿನಾ ಚಪ್ಪಲಿ ಮೆಟ್ಟುತ್ತಲೇ, "ಅವರಿಗೆ ಯಾರಾದ್ರೂ ಸೀಟು ಹಿಡಿದಿಟ್ರಾಯ್ತಪ್ಪ" ಎಂದುಬಿಟ್ಟಿದ್ದರು. ಅವರ ಲೆಕ್ಕದಲ್ಲಿ ಅದು ಪಾಠವೂ ಅಲ್ಲ.

ಸೀಟು ಹಿಡಿಯುವುದು ಹೇಗೆಂದು ನಮ್ಮಲ್ಲಿ ಮಕ್ಕಳಿಗೆ ಹೇಳಿಕೊಡಬೇಕಾಗಿಲ್ಲ. ಸೀಟಿನ ಮೇಲೆ ಟವೆಲ್ ಹಾಸಿದರೆ ಅದು ನಮ್ಮದು. ಈ ಕಾನೂನನ್ನು ಯಾರೂ ಬರೆದಿಲ್ಲ, ಹಾಗಾಗಿಯೇ ಯಾರೂ ಮುರಿಯುವುದೂ ಇಲ್ಲ.

ನೈಟಿಯ ಮೇಲೊಂದು ವೇಲು, ಕೊರಳಲ್ಲಿ ಅಳತೆ ಟೇಪು, ಸೆವ್ರಿನಾ ಬಾಯಿ ರಸ್ತೆಗೆ ಓಡಿದರು. ಸ್ಟಾಪಿನಲ್ಲಿ ಧರ್ಮಪ್ಪ ತನ್ನ ಲಗೇಜ್ ಆಟೋಕ್ಕೆ ಒರಗಿ ನಿಂತಿದ್ದ.

"ಧರ್ಮಪ್ಪಾ, ಮೂರು ಗಂಟೆ ಬಸ್ಸು ಬಂತಾ?"

"ಬಂದು ಹೋತು ಬಾಯಮ್ಮ. ಇವತ್ತು ಏನು ಗ್ರಹಚಾರವೋ, ಕರೆಕ್ಟಾಗಿ ಬಂದಿತ್ತು."

"ಒಂದು ಚಿಕ್ಕ ಹುಡುಗಿ ಹತ್ತಿದ್ಲಾ?"

"ಟವೆಲ್ ಹೆಗಲಿಗೆ ಹಾಕ್ಕಂಡು ಯಜಮಾನಿ ಥರ ಹತ್ತಿದ್ಲಲ್ಲ. ಮುಂದೆ ಹತ್ತಿದ ಹೆಂಗಸರ ಪೈಕಿ ಅಂದ್ಕಂಡೆ. ಯಾಕೆ?"

ಸೆವ್ರಿನಾ ಆಟೋ ಹತ್ತಿ ಕೂತರು. ಧರ್ಮಪ್ಪ ಅವರ ಮುಖ ನೋಡಿ ಗಾಡಿ ಎತ್ತಿದ. ಕಂಡಕ್ಟರ್ ದುರ್ಗೇಶನ ನಂಬರು ಅವನಲ್ಲಿತ್ತು. ಆದರೆ ಎರಡೂ ಕಡೆ ಕಾಡು. ಫೋನು, ಸಂಪರ್ಕಕ್ಕೆ ಸಿಗುತ್ತಿಲ್ಲ ಎಂದು ವಿನಯದಿಂದ ಹೇಳುತ್ತಲೇ ಇತ್ತು. ರಿಪ್ಪನ್‌ಪೇಟೆ ದಾಟಿದರೆ ಬಸ್ಸು ಸಾಗರಕ್ಕೆ. ಸಾಗರದ ಬಸ್ ಸ್ಟ್ಯಾಂಡಿನ ಜನಜಂಗುಳಿಯಲ್ಲಿ ಒಂದನೇ ಕ್ಲಾಸಿನ ಮಗು!

ಅದಕ್ಕೂ ಮೊದಲೇ ಎಲ್ಲಾದರೂ ಇಳಿದಿದ್ದರೆ? ಪ್ರತಿ ಸ್ಟಾಪಿನಲ್ಲೂ ಧರ್ಮಪ್ಪ ನಿಧಾನ ಮಾಡುತ್ತಿದ್ದ, ಸೆವ್ರಿನಾ ತಲೆ ಹೊರಗೆ ಹಾಕಿ ಕೂಗುತ್ತಿದ್ದರು. ಒಂದು ಕಡೆ ಕೆಂಪು ಬಟ್ಟೆ ಕಂಡು ಎದೆ ಹಾರಿತು. ಯಾರೋ ಒಣಗಲು ಹಾಕಿದ್ದ ಲುಂಗಿ. ಪ್ರಾರ್ಥನೆ ಮಾಡೋಣವೆಂದು ಕಣ್ಣು ಮುಚ್ಚಿದರು. "ಸ್ವಾಮಿ, ದಾರಿ ತಪ್ಪಿದ ಕರುವಿನ ಹಾಗೆ..." ಎಂದು ಶುರುಮಾಡಿದವರು, ದೇವರ ಹತ್ತಿರವೂ ಉದಾಹರಣೆಯೇ ಬರುತ್ತಿದೆಯೆಂದು ಬೆಚ್ಚಿ ಬಾಯಿ ಮುಚ್ಚಿದರು.

ಅವರು ರಿಪ್ಪನ್‌ಪೇಟೆ ಸರ್ಕಲ್ಲಿಗೆ ಬಂದಾಗ ಬಸ್ಸು ಸಾಗರ ರಸ್ತೆಗೆ ತಿರುಗುತ್ತಿತ್ತು. ಆಟೋ ಪೂರ್ತಿ ನಿಲ್ಲುವ ಮೊದಲೇ ಸೆವ್ರಿನಾ ಇಳಿದು ಬಸ್ಸಿನ ಎದುರು ಎರಡೂ ಕೈ ಅಗಲಿಸಿ ನಿಂತುಬಿಟ್ಟರು. ಬ್ರೇಕು ಕಿರುಚಿತು. ಹಣ್ಣಿನ ಅಂಗಡಿಯವರು ಎದ್ದು ನಿಂತರು.

ದುರ್ಗೇಶ ಬಾಗಿಲಲ್ಲಿ ಜೋತುಬಿದ್ದ. "ಏನ್ ಬಾಯಮ್ಮ, ಬಸ್ಸಿಗೂ ಅಳತೆ ತಗೊಳ್ತೀರಾ? ಪಕ್ಕಕ್ಕೆ ಬನ್ನಿ!"

"ನಿನ್ನ ಬಸ್ಸಲ್ಲಿ ನಮ್ಮ ಮಗು ಇದೆಯಾ?"

"ಯಾವ್ದು, ಟವೆಲ್ ಮಗುನಾ?" ದುರ್ಗೇಶ ಸೋತವನಂತೆ ಒಳಗೆ ಕೈ ತೋರಿಸಿದ. "ಬನ್ನಿ ಮಾರಾಯ್ರೆ. ಆ ಒಂದು ಸೀಟಿಗೆ ಅರ್ಧ ಬಸ್ಸು ಜಗಳ ಆಡ್ತಿದೆ."

ಬಾಗಿಲ ಹಿಂದಿನ ಸೀಟಿನಲ್ಲಿ ಜೊಸ್ಸು ಕೂತಿದ್ದಳು. ಪಕ್ಕದ ಸೀಟಿನ ಮೇಲೆ ಕೆಂಪು ಗೆರೆಯ ಟವೆಲ್ ಸುಕ್ಕಿಲ್ಲದೆ ಹಾಸಿತ್ತು. ಅದರ ಮೇಲೆ ಅವಳ ಪುಟ್ಟ ಅಂಗೈ. ಮುಖದ ತುಂಬ ಕಣ್ಣೀರು. ಎದುರಿಗೆ ಚೀಲ ಹಿಡಿದು ನಿಂತ ಹೆಂಗಸೊಬ್ಬರು, "ಆಗಿಂದ ಅಜ್ಜಿ ಬರ್ತಾರೆ ಬರ್ತಾರೆ ಅಂತಿದೆ, ಅಜ್ಜಿನೂ ಇಲ್ಲ, ಪಿಜ್ಜಿನೂ ಇಲ್ಲ. ಟಿಕೆಟ್ ಇಲ್ದ ಟವೆಲ್ಲಿಗೆ ಸೀಟು ಎಂಥದ್ದು?" ಎಂದು ಕೂಗಾಡುತ್ತಿದ್ದರು.

ಸೆವ್ರಿನಾ ಸೀಟಿನ ಕಂಬಿ ಹಿಡಿದುಕೊಂಡರು.

"ಟೀಚರ್! ನೀವೂ ಬಂದ್ರಾ?" ಜೊಸ್ಸು ಮೂಗೊರೆಸಿಕೊಂಡಳು. ಮರುಕ್ಷಣ ಅವಳ ಮುಖದಲ್ಲಿ ಗಾಬರಿ. "ಆದ್ರೆ ಇದೊಂದೇ ಸೀಟಿರೋದು. ಇದು ಅಜ್ಜಿಗೆ."

"ಹೌದು ಪುಟ್ಟಾ."

"ಯೇಸುಸ್ವಾಮಿ ಇನ್ನೂ ಹತ್ತಿಲ್ಲ. ಎಲ್ಲಿ ಹತ್ತೋದು ಅವ್ರು?"

ಬಸ್ಸು ಬರೀ ಉದಾಹರಣೆ ಎಂದು ಹೇಳಬೇಕು. ಆದರೆ ಸೆವ್ರಿನಾಗೆ ಇಷ್ಟು ವರ್ಷ ನಾಲಿಗೆಯ ತುದಿಯಲ್ಲೇ ಇರುತ್ತಿದ್ದದ್ದೆಲ್ಲ ಖಾಲಿಯಾಗಿತ್ತು. ಅಳುವೊಂದು ಉಳಿದಿತ್ತು. ಅತ್ತರು.

ಜೊಸ್ಸು ಅವರನ್ನು ನೋಡಿದಳು. ಟವೆಲ್ಲನ್ನು ನೋಡಿದಳು. ಬಹಳ ಯೋಚಿಸಿ ಅಂಗೈ ಎತ್ತಿದಳು.

"ಅಜ್ಜಿ ಬರೋ ತನಕ ಕೂತ್ಕೊಳ್ಳಿ."

ಬಸ್ಸಿನಿಂದಲೇ ವಿಲ್ಮಾಗೆ ಫೋನು ಹೋಯಿತು. ಆ ಕಡೆಯಿಂದ ಮೊದಲು ಬಾವಿಯ ಹಗ್ಗ ಮೇಲೆಳೆಯುವಾಗಿನ ರಾಟೆಯ ಕಿರಿಗುಟ್ಟುವಿಕೆ ಕೇಳಿಸಿತು.

ಮರುದಿನ ಸೆವ್ರಿನಾ ಪಾಠದ ಪುಸ್ತಕ, ಕ್ಲಾಸ್ ರೂಮಿನ ಬೀಗದ ಕೈ ಎರಡನ್ನೂ ಹಿಡಿದು ಚರ್ಚಿಗೆ ಬಂದರು. ಫಾದರ್ ಸಿಪ್ರಿಯನ್ ಬಾಗಿಲಲ್ಲೇ ನಿಂತಿದ್ದರು. ಸುದ್ದಿ ಸೆವ್ರಿನಾರಿಗಿಂತ ಮೊದಲೇ ಬಂದಿತ್ತು.

"ಫಾದರ್, ನೀವು ಹೇಳೋಕೆ ಮುಂಚೆ ನಾನೇ ಕೊಡ್ತೀನಿ" ಎಂದು ಬೀಗದ ಕೈ ಚಾಚಿದರು.

ಫಾದರ್ ತೆಗೆದುಕೊಳ್ಳಲಿಲ್ಲ. "ಇದನ್ನ ನಾನು ನಿರ್ಧರಿಸೋದಲ್ಲ ಬಾಯಿ. ಮಗುವಿನ ತಾಯಿ ಹೇಳಲಿ" ಎಂದು ಗೇಟಿನ ಕಡೆ ನೋಡಿದರು.

ಧರ್ಮಪ್ಪನ ಲಗೇಜ್ ಆಟೋ ಗೇಟಿನೊಳಗೆ ಬರುತ್ತಿತ್ತು. ಹಿಂದೆ, ಸರಕು ಹಾಕುವ ಜಾಗದಲ್ಲಿ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕಾರ್ಮಿಣ್ ಬಾಯಿ ಕೂತಿದ್ದರು. ಕುರ್ಚಿಯನ್ನು ವಿಲ್ಮಾ ಒತ್ತಿ ಹಿಡಿದಿದ್ದಳು. ಜೊಸ್ಸು ಮೊದಲೇ ಜಿಗಿದು ಯಾರನ್ನೂ ಮಾತಾಡಿಸದೆ ಒಳಗೋಡಿ ಮುಂದಿನ ಬೆಂಚಿನ ಮೇಲೆ ಟವೆಲ್ ಹಾಸಿದಳು.

"ಬಸ್ಸಿಗೇ ಹತ್ತಿ ಕೂತು ಸೀಟು ಹಿಡಿದಿದ್ದಾಳಂತೆ" ಎಂದರು ಅಜ್ಜಿ, ಒಂದೊಂದು ಹೆಜ್ಜೆಗೂ ನರಳುತ್ತ. "ಬರದೇ ಇದ್ರೆ ಹೇಗೆ?"

ವಿಲ್ಮಾ ಸೆವ್ರಿನಾರ ಕೈಯಲ್ಲಿದ್ದ ಬೀಗದ ಕೈ ನೋಡಿದಳು. ನಿನ್ನೆಯ ಸಿಟ್ಟು ಅವಳ ಮುಖದಿಂದ ಪೂರ್ತಿ ಹೋಗಿರಲಿಲ್ಲ. "ಕ್ಲಾಸು ತಗೊಳ್ಳಿ ಟೀಚರ್. ಆದ್ರೆ ಪುಸ್ತಕದಲ್ಲಿ ಇದ್ದಷ್ಟೇ. ಅದರ ಮೇಲೆ ಒಂದು ಅಕ್ಷರ ಬೇಡ."

ಪೂಜೆಯಾದ ಮೇಲೆ ಸೆವ್ರಿನಾ ಎರಡನೇ ಭಾನುವಾರದ ಪಾಠ ತೆರೆದರು. ಯೇಸುಸ್ವಾಮಿಗೆ ದಾರಿ ಸಿದ್ಧಮಾಡಲು ಬಂದ ಸ್ನಾನಿಕ ಯೊವಾನ್ನರು ಕಾಡಿನಲ್ಲಿ ಒಂಟೆಯ ಕೂದಲಿನ ಬಟ್ಟೆ ತೊಟ್ಟು, ಮಿಡತೆ, ಕಾಡುಜೇನು ತಿಂದುಕೊಂಡಿದ್ದರು. ಮಿಡತೆ ಎಂಬಲ್ಲಿಗೆ ಬಂದಾಗ ಸೆವ್ರಿನಾರ ಹಣೆ ಬೆವರಿತು. ಬೆರಳಿಟ್ಟು ಅಷ್ಟೇ ಓದಿ, ಬೇಗಬೇಗ ಮುಂದಿನ ಸಾಲಿಗೆ ದಾಟಿ, ಪುಸ್ತಕ ಮುಚ್ಚಿದರು. ಒಂದೂ ಉದಾಹರಣೆ ಇರಲಿಲ್ಲ. ಇಷ್ಟು ನಿರುಪದ್ರವಿ ಪಾಠವನ್ನು ಅವರು ಜನ್ಮದಲ್ಲಿ ಮಾಡಿರಲಿಲ್ಲ.

ಜೊಸ್ಸು ಕೈ ಎತ್ತಿದಳು.

"ಟೀಚರ್, ಮಿಡತೆ ನಮ್ಮ ಹಿತ್ತಲಲ್ಲೇ ಬೇಕಾದಷ್ಟಿದೆ. ಮುಂದಿನ ವಾರ ಎಲ್ಲರಿಗೂ ತರ್ಲಾ?"